ದಾಲ್ ಮಿಲ್ಲಿನ ಜಾಲತಾಣಕ್ಕೆ ಎಂಥ ಡೊಮೇನ್ ಹೆಸರು ಕೊಳ್ಳಬೇಕು?

ಪ್ರಶ್ನೆ (ಕಲಬುರಗಿ):
ಎಲ್ಲರಿಗೂ ಶರಣು. ನಮ್ಮದು ತಂದೆಯವರ ಕಾಲದಿಂದ ನಡೆದುಬಂದ ದಾಲ್ ಮಿಲ್. ಇದುವರೆಗೆ ಬೇಳೆಯನ್ನೆಲ್ಲ ನೆಹರೂ ಗಂಜಿನ ವ್ಯಾಪಾರಿಗಳ ಮೂಲಕವೇ ಮಾರುತ್ತಿದ್ದೆವು. ಈಗ ಐದು ಕಿಲೋ ಚೀಲಗಳಲ್ಲಿ ಬೆಂಗಳೂರು, ಪುಣೆ, ಹೈದರಾಬಾದಿನ ಮನೆಗಳಿಗೆ ನೇರವಾಗಿ ಕಳಿಸಲೆಂದು ಜಾಲತಾಣ ಮಾಡಿಸುತ್ತಿದ್ದೇವೆ. ಮಿಲ್ಲಿಗಿರುವ ‘ಶ್ರೀ ಶರಣಬಸವೇಶ್ವರ’ ಎಂಬ ಹೆಸರನ್ನೇ ಡೊಮೇನಿಗೂ, ಅಂದರೆ ಜಾಲತಾಣದ ವಿಳಾಸಕ್ಕೂ, ಇಡಬೇಕೆಂಬುದು ತಂದೆಯವರ ಆಸೆ. ‘ಗುಲ್ಬರ್ಗಾ ತೂರ್ ದಾಲ್’ ಎಂದಿಟ್ಟರೆ ಹುಡುಕುವವರಿಗೆ ಬೇಗ ಸಿಗುತ್ತದೆ ಎಂಬುದು ತಮ್ಮನ ವಾದ. ಡಾಟ್ ಕಾಮ್ ಬೇಕೋ, ಡಾಟ್ ಇನ್ ಸಾಕೋ ಎಂಬುದನ್ನೂ ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಉತ್ತರ (ಜಾಲತಾಣ ಕಟ್ಟುವವರು, ಕಲಬುರಗಿ):
ತಂದೆಯವರ ಆಸೆ ಸಹಜವಾದದ್ದು. ಆದರೆ ಆ ಹೆಸರನ್ನು ಒಮ್ಮೆ ಫೋನಿನಲ್ಲಿ ಹೇಳಿ ನೋಡಿರಿ. ‘ಶ್ರೀ’ ಎಂಬುದನ್ನೇ ಒಬ್ಬರು ಎಸ್-ಆರ್-ಐ ಎಂದೂ, ಇನ್ನೊಬ್ಬರು ಎಸ್-ಎಚ್-ಆರ್-ಐ ಎಂದೂ, ಮತ್ತೊಬ್ಬರು ಕೊನೆಗೆ ಎರಡು ಇ ಹಾಕಿಯೂ ಬರೆಯುತ್ತಾರೆ. ‘ಶ್ವರ’ಕ್ಕೆ ಡಬ್ಲ್ಯೂ ಹಾಕುವವರೂ ಇದ್ದಾರೆ, ವಿ ಹಾಕುವವರೂ ಇದ್ದಾರೆ. ಒಂದಕ್ಷರ ತಪ್ಪಿದರೂ ಗಿರಾಕಿ ಬೇರೆಯವರ ಬಾಗಿಲಲ್ಲಿ ಹೋಗಿ ನಿಲ್ಲುತ್ತಾನೆ. ನನ್ನ ಬಳಿ ಬರುವವರಿಗೆ ನಾನು ಹೇಳುವುದಿಷ್ಟೇ: ಐದು ಜನ ಬಂಧುಗಳಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿರಿ. ನಾಲ್ವರು ಸರಿಯಾಗಿ ಬರೆದರೆ ಕೊಳ್ಳಿರಿ. ನಡುವೆ ಗೀಟು, ಅಂಕಿ ಬೇಡ.

ತಮ್ಮನವರ ಸಲಹೆಯನ್ನು ನಾನು ಒಪ್ಪಲಾರೆ. ‘ಗುಲ್ಬರ್ಗಾ ತೂರ್ ದಾಲ್’ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ), ಅಂದರೆ ಒಂದು ಸೀಮೆಯ ವಿಶಿಷ್ಟ ಉತ್ಪನ್ನದ್ದೆಂಬ, ಮಾನ್ಯತೆ ಪಡೆದ ಹೆಸರು. ಅದು ಈ ಸೀಮೆಯ ಬೆಳೆಗಾರರೆಲ್ಲರ ಸೊತ್ತು, ಒಂದು ಮಿಲ್ಲಿನ ಬೋರ್ಡಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಅದನ್ನು ಚೀಲದ ಮೇಲೆ ಹೆಮ್ಮೆಯಿಂದ ಹಾಕಿಕೊಳ್ಳಿರಿ. ಊರಿನ ಹೆಸರು 2014ರಲ್ಲಿ ಕಲಬುರಗಿ ಎಂದಾದರೂ ಹೊರಗಿನವರು ಇಂದಿಗೂ ಗುಲ್ಬರ್ಗಾ ಎಂದೇ ಹುಡುಕುವುದುಂಟು. ಪುಟದೊಳಗಿನ ಬರಹದಲ್ಲಿ ಎರಡೂ ರೂಪಗಳಿದ್ದರೆ ಸಾಕು.

ಉತ್ತರ (ಬಿದ್ರಿ ಅಂಗಡಿಯವರು, ಬೀದರ್):
ಹೆಸರು ಯಾವುದೇ ಇರಲಿ, ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಮೊಬೈಲ್ ಸಂಖ್ಯೆಯಲ್ಲಿಯೇ ಆಗಲಿ. ನಮ್ಮ ಜಾಲತಾಣ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಖಾತೆಯಲ್ಲೇ ಇಟ್ಟುಕೊಂಡಿದ್ದರು. ನವೀಕರಣದ ಸೂಚನೆಗಳು ಅವರಿಗೆ ಹೋದವು. ಅವರು ಊರು ಬಿಟ್ಟಿದ್ದರು, ಫೋನ್ ಹತ್ತಲಿಲ್ಲ. ಅವಧಿ ಮುಗಿದ ಹೆಸರನ್ನು ಬೇರೆ ಯಾರೋ ಕೊಂಡರು. ಹೂಜಿ, ಹೂದಾನಿಗಳ ಪೆಟ್ಟಿಗೆಗಳ ಮೇಲೆಲ್ಲ ಹಳೆಯ ವಿಳಾಸ ಅಚ್ಚಾಗಿತ್ತು. ಮನೆಮಂದಿಯೆಲ್ಲ ಕುಳಿತು ಒಂದೊಂದಕ್ಕೂ ಹೊಸ ಚೀಟಿ ಅಂಟಿಸಿದೆವು. ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗದೆ ನವೀಕರಣದ ದರವನ್ನು ಕೇಳಿರಿ. ಒಮ್ಮೆಗೆ 10 ವರ್ಷದವರೆಗೂ ಕಟ್ಟಲು ಅವಕಾಶವಿದೆ.

ಉತ್ತರ (ಯಾದಗಿರಿ):
ಗಿರಾಕಿಗಳೆಲ್ಲ ದೇಶದೊಳಗಿದ್ದರೆ ಡಾಟ್ ಇನ್ ಧಾರಾಳವಾಗಿ ಸಾಕು. ಆದರೆ ಅದೇ ಹೆಸರಿನ ಡಾಟ್ ಕಾಮ್ ಇನ್ನೊಬ್ಬ ಬೇಳೆ ವ್ಯಾಪಾರಿಯ ಕೈಯಲ್ಲಿದ್ದರೆ ಆ ಹೆಸರನ್ನೇ ಬಿಡಿರಿ. ಕನ್ನಡ ಲಿಪಿಯ ಡಾಟ್ ಭಾರತ ಕೂಡ ಉಂಟು. ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಐವರಿಗೆ ಫೋನ್ ಮಾಡಿದೆ. ಮಿಲ್ಲಿನ ಪೂರ್ಣ ಹೆಸರನ್ನು ಸರಿಯಾಗಿ ಬರೆದವರು ಸೋದರತ್ತೆಯೊಬ್ಬರೇ. ಪಕ್ಕದಲ್ಲಿದ್ದ ತಂದೆಯವರು ತಾವಾಗಿಯೇ ‘ಶರಣ ದಾಲ್ ಎಂದು ಕೇಳಿ ನೋಡು’ ಎಂದರು. ಅದನ್ನು ನಾಲ್ವರು ಸರಿಯಾಗಿ ಬರೆದರು. ‘ಶರಣ’ದ ಕೊನೆಯ ‘ಎ’ ಬಿಟ್ಟು ಬರೆದ ಮಾವನವರ ರೂಪವನ್ನೂ ಸೇರಿಸಿ ಎರಡನ್ನೂ ನನ್ನ ಹೆಸರಿನಲ್ಲೇ ಕೊಳ್ಳುತ್ತಿದ್ದೇನೆ.