ಮೂವತ್ತು ಬೆಳ್ಳಿ ನಾಣ್ಯದ ಚಿತ್ರ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ಚಿತ್ರ, ಚೀಲದಿಂದ ಚೆಲ್ಲಿದ ನಾಣ್ಯಗಳು; ಯೇಸುವನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದನ ಬಗ್ಗೆ) "ಯೂದ ದ್ರೋಹ ಮಾಡದಿದ್ದರೆ ಶಿಲುಬೆ ಇಲ್ಲ, ಶಿಲುಬೆ ಇಲ್ಲದಿದ್ದರೆ ರಕ್ಷಣೆ ಇಲ್ಲ. ಎಲ್ಲವೂ ದೇವರ ಯೋಜನೆ."

ಅತ್ತೆ: ಆಮೆನ್ 🙏

ತಮ್ಮ: ಹಂಗಾದ್ರೆ ಯೂದಂದು ತಪ್ಪೇನು ದೊಡ್ಡಪ್ಪ? ಕೊಟ್ಟ ಪಾರ್ಟು ಮಾಡಿದ, ಅಷ್ಟೇ ಅಲ್ವಾ?

ದೊಡ್ಡಪ್ಪ: ಪಾಸ್ಖ ಜಾಗರಣೆಲಿ, ಈಸ್ಟರ್ ಹಿಂದಿನ ರಾತ್ರಿ, ಮೇಣದಬತ್ತಿ ಹಿಡ್ಕೊಂಡು ಕೇಳ್ತೀವಲ್ಲ ಆ ಹಾಡು, ಅದು ಮೊದಲ ಮನುಷ್ಯ ಆದಾಮನ ಪಾಪವನ್ನೇ ಧನ್ಯ ಅನ್ನುತ್ತೆ, ಬೇಕಾಗಿತ್ತು ಅನ್ನುತ್ತೆ. ನಾನು ಹುಟ್ಟಿಸಿದ ಮಾತಲ್ಲ ಕಣೋ.

ನಾನು: ಆ ಹಾಡು ಕೇಳಿದ್ರೆ ನನಗೂ ಕಣ್ಣು ತುಂಬುತ್ತೆ ದೊಡ್ಡಪ್ಪ. ಆದ್ರೆ ನಲವತ್ತು ದಿನ ಪಶ್ಚಾತ್ತಾಪ ಪಟ್ಟವರು ತಮ್ಮ ಪಾಪ ನೆನೆದು ಹಾಡೋದು ಅದು. ಇನ್ನೊಬ್ಬರ ಮೇಲಾದ ಅನ್ಯಾಯಕ್ಕೆ ಹಚ್ಚಬಾರದು. ಯೂದ ಇಲ್ಲದಿದ್ರೆ ಶಿಲುಬೆ ಇಲ್ಲ ಅನ್ನೋದನ್ನೂ ನಾನು ಒಪ್ಪಲ್ಲ. ಸತ್ತಿದ್ದ ಲಾಜರನನ್ನು ಎಬ್ಬಿಸಿದ ಮೇಲೆ ಯೇಸುಸ್ವಾಮಿನ ಕೊಲ್ಲಬೇಕು ಅಂತ ಯಾಜಕರು, ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು. ಜನರಿಗೆ ಹೆದರಿ ಹಗಲು ಮುಟ್ಟಲಿಲ್ಲ ಅಷ್ಟೇ. ಯೂದ ರಾತ್ರಿ ಜಾಗ ತೋರಿಸಿಕೊಟ್ಟ. ಅವನು ಒಲ್ಲೆ ಅಂದಿದ್ರೆ ಬೇರೆ ದಾರಿ ನೋಡ್ತಿದ್ರು.

ದೊಡ್ಡಪ್ಪ: ಬರೆದಿರುವ ಹಾಗೇ ಆಗುತ್ತೆ ಅಂತ ಸ್ವಾಮಿನೇ ಹೇಳಿದ್ರಲ್ಲಮ್ಮ.

ನಾನು: ಮುಂದಿನ ಮಾತೂ ಓದಿ. ಹಿಡಿದುಕೊಡುವವನು ಹುಟ್ಟದೇ ಇದ್ದಿದ್ರೆ ಅವನಿಗೇ ಒಳ್ಳೇದಿತ್ತು. ಎರಡೂ ಒಂದೇ ವಚನ, ಮತ್ತಾಯ 26:24. ಅದೇ ರಾತ್ರಿ ಸ್ವಾಮಿ ಯೂದನ ಪಾದಾನೂ ತೊಳೆದ್ರು. ರೊಟ್ಟಿ ತುಂಡು ಅದ್ದಿ ಅವನಿಗೇ ಕೊಟ್ರು. ಇವನು ದ್ರೋಹ ಮಾಡ್ಲಿ ಅಂತ ಕಾಯೋರು ಹಾಗೆ ಮಾಡ್ತಾರಾ? ಕೊನೇವರೆಗೂ ಅವನನ್ನ ಹತ್ತಿರಾನೇ ಇಟ್ಕೊಂಡಿದ್ರು.

ನಿಮಗೆಲ್ಲ ಗೊತ್ತಲ್ಲ, ಪಾಲುದಾರ ಕಳ್ಳ ಸಹಿ ಹಾಕಿ ನಮ್ಮ ಅಂಗಡಿ ಮುಚ್ಚಿಸಿದ್ದು. ಬಳೆ ಅಡವಿಟ್ಟು ಮಗಳ ಫೀಸು ಕಟ್ಟಿದೆ. ಮನೆಗೆ ಬಂದವರು ಕಾಫಿ ಕುಡಿದು "ದೇವರ ಯೋಜನೆ ಏನೋ ಇರುತ್ತೆ" ಅಂತ ಹೇಳಿ ಎದ್ದು ಹೋದ್ರು. ಆಮೇಲೆ ಬಸ್ ಸ್ಟಾಪಲ್ಲಿ ಸಿಕ್ಕಿ ಆ ಪಾಲುದಾರನೂ ಹೇಳಿದ, "ಎಲ್ಲಾ ಒಳ್ಳೇದಕ್ಕೇ ಆಯ್ತಲ್ಲ ಅಕ್ಕ." ನನ್ನ ಕೈಲಿದ್ದ ತರಕಾರಿ ಚೀಲ ನಡುಗ್ತಿತ್ತು.

ನೀವು ಕೇಡು ಬಗೆದಿರಿ, ದೇವರು ಅದನ್ನ ಒಳಿತು ಮಾಡಿದ್ರು ಅಂತ ಹಳೇ ಒಡಂಬಡಿಕೆಯ ಯೋಸೇಫ ತನ್ನ ಅಣ್ಣಂದಿರಿಗೆ ಹೇಳಿದ್ದ. ಇಪ್ಪತ್ತು ಬೆಳ್ಳಿಗೆ ಮಾರಿಹೋದವನು ಅವನು, ಅವನು ಹೇಳಬಹುದು. ಮಾರಿದ ಅಣ್ಣಂದಿರು ಕ್ಷಮಿಸು ಅಂತ ಕಾಲಿಗೆ ಬಿದ್ರು. ಯೂದ ಕೂಡ ನಾಣ್ಯ ವಾಪಸ್ ತಂದು "ಪಾಪ ಮಾಡಿದೆ" ಅಂದ. ಯೋಜನೆ ಅನ್ನೋ ಮಾತು ಅವನ ಬಾಯಲ್ಲೂ ಬರಲಿಲ್ಲ.

ತಮ್ಮ: ಯಾಜಕರು "ನಮಗೇನು, ನೀನೇ ನೋಡ್ಕೋ" ಅಂದ್ಬಿಟ್ರು. ಒಬ್ಬರಾದ್ರೂ ಅವನನ್ನ ಕೂರಿಸಿ ಮಾತಾಡಿಸಿದ್ರೆ ನೇಣು ಹಾಕ್ಕೋತಿರಲಿಲ್ವೇನೋ.

ದೊಡ್ಡಪ್ಪ: ಅಂಗಡಿ ಮುಚ್ಚಿದಾಗ "ದೇವರ ಯೋಜನೆ" ಅನ್ನೋ ಮಾತು ನಾನೂ ಹೇಳಿದ್ದೆ ಅಲ್ವಾ.

ನಾನು: ಹೇಳಿದ್ರಿ. ಮಾರನೇ ದಿನ ಅಕ್ಕಿ ಮೂಟೆನೂ ಕಳಿಸಿದ್ರಿ.

ದೊಡ್ಡಪ್ಪ: ಗುರುವಾರದ ಪೂಜೆಗೆ ಅಳಿಯಂದ್ರನ್ನೂ ಕರ್ಕೊಂಡು ಬಾಮ್ಮ. ಅವರ ಹತ್ರ ಮಾತಾಡ್ಬೇಕು.