ಸಹಾಯ ಬೇಕು: ರಿಯಾಲಿಟಿ ಶೋ ಕುಟುಂಬಗಳ ಮಕ್ಕಳ ವಿವರ ವಿಕಿಪೀಡಿಯದಲ್ಲಿ ಎಷ್ಟಿರಬೇಕು?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಾವು ಕೆಲವರು ರಿಯಾಲಿಟಿ ಶೋಗಳಲ್ಲಿ ಕಾಣಿಸಿಕೊಂಡ ಕುಟುಂಬಗಳ ಕುರಿತ ವಿಕಿಪೀಡಿಯ ಲೇಖನಗಳನ್ನು ಪರಿಶೀಲಿಸುತ್ತಿದ್ದು, ಅವುಗಳಲ್ಲಿರುವ ಮಕ್ಕಳ ವಿವರಗಳ ಬಗ್ಗೆ ನಿಮ್ಮ ಮಾರ್ಗದರ್ಶನ ಕೋರುತ್ತಿದ್ದೇವೆ. ಒಂದು ಲೇಖನದ ಮಾಹಿತಿಚೌಕದಲ್ಲಿ (ಮುಖ್ಯ ವಿವರಗಳನ್ನು ಪಟ್ಟಿ ಮಾಡುವ ಬದಿಯ ಚೌಕ) ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವ ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಓದುತ್ತಿರುವ ಶಾಲೆ ಮೂರೂ ಇವೆ; ಆಧಾರವಾಗಿ ಕೊಟ್ಟಿರುವುದು ಹುಟ್ಟುಹಬ್ಬದ ಒಂದು ವಿಡಿಯೊ ಮಾತ್ರ. ಕ್ಯಾಮೆರಾ ಮುಂದೆ ಬರಲು ಒಪ್ಪಿದ್ದು ಹೆತ್ತವರೇ ಹೊರತು ಆ ಮಗುವಲ್ಲ ಎಂಬುದು ನಮ್ಮನ್ನು ಬಹಳ ಕಾಡುತ್ತಿದೆ.

ಇಂಗ್ಲಿಷ್ ವಿಕಿಪೀಡಿಯದ ಜೀವಂತ ವ್ಯಕ್ತಿಗಳ ಕುರಿತ ನೀತಿಯು, ಸ್ವತಃ ಪ್ರಸಿದ್ಧರಲ್ಲದ ಕುಟುಂಬ ಸದಸ್ಯರ ವಿಷಯದಲ್ಲಿ ಖಾಸಗಿತನಕ್ಕೇ ಹೆಚ್ಚಿನ ಒತ್ತು ಕೊಡುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ; ಆದರೆ ವ್ಯಕ್ತಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹೆತ್ತವರು ಹಂಚಿಕೊಂಡ ಮಗುವಿನ ವಿವರವನ್ನೂ ಹಾಗೆಯೇ ಪರಿಗಣಿಸಬೇಕೇ ಎಂಬುದನ್ನು ಕಾನೂನು ಬಲ್ಲವರು ದಯವಿಟ್ಟು ತಿಳಿಸಬೇಕು.

ಇನ್ನೊಂದು ತೊಡಕಿದೆ. ಸಾಲನ್ನು ಅಳಿಸಿದರೂ ಹಳೆಯ ಆವೃತ್ತಿ ಎಲ್ಲರೂ ನೋಡಬಹುದಾದ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ, ಮತ್ತು ಅದನ್ನು ಮರೆಮಾಡಿಸಿ ಎಂದು ಚರ್ಚಾಪುಟದಲ್ಲಿ ಕೋರಿದರೆ ಇನ್ನಷ್ಟು ಜನರ ಗಮನ ಅಲ್ಲಿಗೇ ಹೋಗುತ್ತದೆ. ಇಂತಹ ಕೋರಿಕೆಗಳನ್ನು ಖಾಸಗಿಯಾಗಿ ನಿಭಾಯಿಸಿದ ಅನುಭವವಿರುವ ವಿಕಿಪೀಡಿಯ ನಿರ್ವಾಹಕರು ಯಾರಾದರೂ ಇದ್ದರೆ ಕ್ರಮವನ್ನು ವಿವರಿಸಬೇಕಾಗಿ ವಿನಂತಿ. ಉತ್ತರಿಸುವಾಗ ಯಾವ ಮಗುವಿನ ಹೆಸರನ್ನೂ, ಲೇಖನದ ಕೊಂಡಿಯನ್ನೂ ಇಲ್ಲಿ ಹಾಕಬೇಡಿ.