ಸಹಾಯ ಬೇಕು: ರಕ್ತಸ್ರಾವದ ಅಳತೆಗೆ ಎಪಿಸಿಯಾಟಮಿ (ಹೆರಿಗೆ ವೇಳೆ ಯೋನಿದ್ವಾರ ಹಿಗ್ಗಿಸಲು ಹಾಕುವ ಕೊಯ್ತ) ರಕ್ತ ಸೇರಿಸಬೇಕಾ?

ನಮ್ಮ ಅಧ್ಯಯನದಲ್ಲಿ ಸಹಜ ಹೆರಿಗೆ ನಂತರದ ರಕ್ತಸ್ರಾವವನ್ನು ತಾಯಿಯ ಕೆಳಗೆ ಹಾಸಿ ರಕ್ತ ಸಂಗ್ರಹಿಸುವ, ಅಳತೆ ಗುರುತಿರುವ ಡ್ರೇಪ್‌ನಲ್ಲಿ ಅಳೀತಿದ್ದೀವಿ. 500 ಮಿ.ಲೀ. ದಾಟಿದರೆ, ಅಥವಾ 300 ಆಗಿ ನಾಡಿ, ಬಿಪಿ ಏರುಪೇರಾದರೆ ತಕ್ಷಣ ಚಿಕಿತ್ಸೆ. ಹಾಗಾಗಿ 50 ಮಿ.ಲೀ. ತಪ್ಪಿದರೂ ತಾಯಿಗೆ ಚಿಕಿತ್ಸೆ ತಡವಾಗಬಹುದು.

ಮಗು ಹೊರಬಂದು ಗರ್ಭಜಲ ಹರಿದುಹೋದ ಮೇಲೆಯೇ ಡ್ರೇಪ್ ಹಾಸ್ತೀವಿ, ಇಲ್ಲಾಂದ್ರೆ ನೀರೂ ರಕ್ತದ ಲೆಕ್ಕಕ್ಕೆ ಬರುತ್ತೆ. ರಕ್ತ ಹೀರಿದ ಗಾಜ್ (ತೆಳು ಹತ್ತಿ ಬಟ್ಟೆ) ತೂಗಿ, ಒಣ ತೂಕ ಕಳೆದು, ಮಿ.ಲೀ.ಗೆ ತರಲು 1.06ರಿಂದ (ಒಂದು ಮಿ.ಲೀ. ರಕ್ತದ ತೂಕ, ಗ್ರಾಂ ಲೆಕ್ಕದಲ್ಲಿ) ಭಾಗಿಸ್ತೀವಿ. ಇಲ್ಲಿವರೆಗೆ ತೊಂದರೆ ಇಲ್ಲ.

ತೊಡಕಿರೋದು ಎಪಿಸಿಯಾಟಮಿಯಲ್ಲಿ. ಮಗು ಹುಟ್ಟೋ ಮೊದಲೇ ಆ ಗಾಯದ ರಕ್ತ ಗಾಜ್ ಸೇರುತ್ತೆ, ಜೊತೆಗೆ ಗರ್ಭಜಲವೂ. ಬಿಟ್ಟರೆ ನಷ್ಟ ಕಡಿಮೆ ಕಾಣುತ್ತೆ, ಸೇರಿಸಿದರೆ ಜಾಸ್ತಿ. ಬೇರೆ ಬೇರೆ ಟ್ರೇ ಇಟ್ಟು ನೋಡಿದ್ದಾಯ್ತು, ಹೊಲಿಗೆ ಹೊತ್ತಿಗೆ ಎಲ್ಲಾ ಬೆರೆತುಹೋಗುತ್ತೆ.

ಇಂಥ ಅಧ್ಯಯನ ಮಾಡಿದವರು ದಯವಿಟ್ಟು ಹೇಳಿ: ಹುಟ್ಟಿಗೆ ಮೊದಲಿನ ಗಾಜ್ ತೂಕವನ್ನು ಒಟ್ಟು ನಷ್ಟಕ್ಕೆ ಸೇರಿಸಿದ್ರಾ, ಅಥವಾ ಕೇಸ್ ಫಾರ್ಮ್‌ನಲ್ಲಿ ಬೇರೆ ಕಾಲಂ ಇಟ್ರಾ?